ಮಂಡಕ್ಕಿಗೆ ಕಾದ ನಿಂಬೆಹಣ್ಣು

ಸಂಕ್ರಾಂತಿ ಊಟಕ್ಕೆ ಸೀಟಿ ಯಾಕೆ ಬೇಕು? ಈ ಸಲ ಕೊಂಡಜ್ಜಿ ಕೆರೆ ಹತ್ತಿರ ಜಮಖಾನ ಹಾಸಿಕೊಂಡು ಕೂತಿದ್ದೆವು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮುರಿದು, ಎಣ್ಣೆಗಾಯಿ ಬಳಿದು ಬಾಯಿಗಿಡಬೇಕು, ಅಷ್ಟರಲ್ಲಿ ಕಿವಿ ಹಿಂದೆ ‘ಪೀ’ ಅಂತ ಸದ್ದು. ನೋಡಿದರೆ ನಮ್ಮ ಮನೆ ಅಳಿಯಂದಿರು. ಮಕ್ಕಳೆಲ್ಲ ಸಾಲಾಗಿ ನಿಲ್ಲಬೇಕಂತೆ. ನಿಂಬೆಹಣ್ಣು ಚಮಚದ ಓಟವಂತೆ. ಕೊಂಡಜ್ಜಿಯಲ್ಲಿ ಸ್ಕೌಟ್ಸ್ ತರಬೇತಿ ಕೇಂದ್ರ ಇದೆ, ಅಲ್ಲಿ ಸೀಟಿ ಊದಿದರೆ ಒಂದು ಅರ್ಥ ಇದೆ. ಬುತ್ತಿ ಬಿಚ್ಚಿದ ಕಡೆ ಊದಿದರೆ ತುತ್ತು ಗಂಟಲಲ್ಲಿ ನಿಲ್ಲುತ್ತೆ, ಅಷ್ಟೇ.

ಮಕ್ಕಳೇನು ಬೇಜಾರಾಗಿ ಕೂತಿದ್ದವಾ? ಒಂದು ಗುಂಪು ಚಪ್ಪಟೆ ಕಲ್ಲು ಆರಿಸಿ ಲಗೋರಿ ಜೋಡಿಸುತ್ತಿತ್ತು. ಚೆಂಡು ಇರಲಿಲ್ಲ, ಯಾರದೋ ಕಾಲುಚೀಲಕ್ಕೆ ಇನ್ಯಾರದೋ ಕಾಲುಚೀಲ ತುರುಕಿ ಗಂಟು ಹಾಕಿದ್ದರು. ಎಲ್ಲರಿಗಿಂತ ಚಿಕ್ಕವಳು ಎಳ್ಳುಬೆಲ್ಲದ ಪೊಟ್ಟಣ ಬಿಚ್ಚಿಕೊಂಡು, ಬೆಲ್ಲ ಕೊಬ್ಬರಿ ತಾನು ತಿಂದು, ಉಳಿದ ಎಳ್ಳನ್ನು ಹಾಗೇ ಮಡಚಿ ಅಜ್ಜಿಗೆ ಕೊಡುತ್ತಿದ್ದಳು. ಅವಳನ್ನೂ ಎಬ್ಬಿಸಿ ಸಾಲಿಗೆ ನಿಲ್ಲಿಸಿದರು.

ಮಕ್ಕಳನ್ನು ಆಡಿಸುವುದರ ಬಗ್ಗೆ ನನಗೊಂದು ಅಭಿಪ್ರಾಯ ಇದೆ. ಅದನ್ನೇ ಬರೆಯೋಣ ಅಂತ ಕೂತಿದ್ದು. ಆದರೆ ಮೊದಲು ಮಂಡಕ್ಕಿ ವಿಷಯ ಮುಗಿಸಬೇಕು, ಯಾಕೆಂದರೆ ಆವತ್ತು ನಿಜವಾಗಿ ಹಾಳಾಗಿದ್ದು ಅದು.

ಒಗ್ಗರಣೆ ಮಂಡಕ್ಕಿ ಬೇರೆ. ನೀರಲ್ಲಿ ಅದ್ದಿ ಹಿಂಡಿ ಮಾಡುವಂಥದ್ದು, ಮೆತ್ತಗೇ ಇರಬೇಕು, ಬೆಳಿಗ್ಗೆ ಮಾಡಿ ಡಬ್ಬಿಗೆ ತುಂಬಿದರೂ ನಡೆಯುತ್ತೆ. ಖಾರ ಮಂಡಕ್ಕಿಗೆ ಈ ಸಲಿಗೆ ಇಲ್ಲ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಸಿಪ್ಪೆ ತೆಗೆಸಿ, ಅಕ್ಕಿಗೆ ಉಪ್ಪು ಹಿಡಿಸಿ, ಇಷ್ಟೆಲ್ಲ ಆದ ಮೇಲೆ ಭಟ್ಟಿಯವನು ಹೊಗೆಯಲ್ಲಿ ಕಣ್ಣು ಉರಿಸಿಕೊಂಡು ಕಾದ ಮರಳಿಗೆ ಸುರಿದು, ಅರಳಿದ ಕ್ಷಣಕ್ಕೇ ಜರಡಿ ಹಿಡಿಯುವುದು ಅದು ಗರಿಗರಿ ಇರಲಿ ಅಂತ. ಅಷ್ಟು ಜನರ ದುಡಿಮೆಯನ್ನು ಹೆಚ್ಚಿದ ಟೊಮೆಟೊ ಐದೇ ನಿಮಿಷದಲ್ಲಿ ಮುಗಿಸಿಬಿಡುತ್ತೆ. ಅದಕ್ಕೇ ಮೊದಲು ಎಣ್ಣೆ, ಖಾರದಪುಡಿ, ಹುರಿಗಡಲೆ ಪುಡಿ, ಶೇಂಗಾ. ಈರುಳ್ಳಿ, ಟೊಮೆಟೊ, ನಿಂಬೆರಸ ಕಟ್ಟಕಡೆಗೆ, ಎಲ್ಲರೂ ಕೈಯಲ್ಲಿ ಪೇಪರ್ ಹಿಡಿದ ಮೇಲೆ. ದಾವಣಗೆರೆಯಲ್ಲಿ ಹುಟ್ಟಿದವರಿಗೆ ಇದನ್ನು ಹೇಳಿಕೊಡಬೇಕಾ? ನಮ್ಮ ಚಿಕ್ಕಮ್ಮ ಟೊಮೆಟೊ ಬೀಜ ತೆಗೆದೇ ಹೆಚ್ಚುತ್ತಾರೆ. ಕಲಸುವ ಮುಂಚೆ ‘ಎಲ್ರೂ ಇದೀರಾ?’ ಅಂತ ಒಂದು ಸಲ ಸುತ್ತ ನೋಡುತ್ತಾರೆ. ತಡವಾಗಿ ಬಂದವರಿಗೆ ಬರೀ ಮೆಣಸಿನಕಾಯಿ ಬಜ್ಜಿ.

ಆವತ್ತೂ ಕೇಳಿದರು. ದೊಡ್ಡವರೆಲ್ಲ ಇದ್ದೆವು. ಈರುಳ್ಳಿ ಬಿತ್ತು, ಟೊಮೆಟೊ ಬಿತ್ತು, ದೊಡ್ಡ ಪಾತ್ರೆಯಲ್ಲಿ ಎರಡೂ ಕೈ ಹಾಕಿ ಎತ್ತಿ ಎತ್ತಿ ಕಲಸಿದರು, ಆಮೇಲೆ ಚೀಲಕ್ಕೆ ಕೈ ಹಾಕಿದರು. ಚೀಲದಲ್ಲಿ ನಿಂಬೆಹಣ್ಣು ಇಲ್ಲ. ಅತ್ತ ಮೈದಾನದಲ್ಲಿ ಏಳೆಂಟು ಮಕ್ಕಳ ಬಾಯಲ್ಲಿ ಚಮಚ, ಚಮಚದ ಮೇಲೆ ನಮ್ಮ ನಿಂಬೆಹಣ್ಣು.

‘ಒಂದಾದರೂ ಕೊಡಿ’ ಅಂದರೆ ಅಳಿಯಂದಿರು ‘ಫೈನಲ್ ಮುಗೀಲಿ ಅತ್ತೆ’ ಅಂದರು. ಫೈನಲ್! ಬಿದ್ದ ಹಣ್ಣು ಎತ್ತಿಕೊಂಡು ಓಡಿದ್ದು ನಡೆಯುತ್ತಾ ಇಲ್ವಾ ಅಂತ ಇಬ್ಬರು ಅಪ್ಪಂದಿರಿಗೆ ಜಗಳ ಬೇರೆ. ಮಕ್ಕಳಿಗೆ ಜಗಳ ಇರಲಿಲ್ಲ. ಮಂಡಕ್ಕಿ ಕಣ್ಣೆದುರಿಗೇ ಕುಗ್ಗುತ್ತಿತ್ತು, ಚಿಕ್ಕಮ್ಮ ಅದರ ಮೇಲೆ ಸೆರಗು ಹಿಡಿದು ಕೂತಿದ್ದರು, ಬಿಸಿಲಿಗೆ ಅಡ್ಡವಾಗಿಯೋ ಸಿಟ್ಟಿಗೋ ಗೊತ್ತಿಲ್ಲ. ಕೊನೆಗೆ ಗೆದ್ದವರಿಗೂ ಸೋತವರಿಗೂ ಒಂದೇ ಥರದ ಪೆನ್ಸಿಲ್ ಡಬ್ಬಿ ಕೊಟ್ಟರು. ಹಾಗಿದ್ದ ಮೇಲೆ ಓಡಿಸಿದ್ದು ಯಾಕೆ?

ಮಣ್ಣಾದ ನಿಂಬೆಹಣ್ಣು ತೊಳೆದು ಹಿಂಡಿದ್ದಾಯಿತು. ಮಂಡಕ್ಕಿ ಅಷ್ಟೊತ್ತಿಗೆ ಉಪ್ಪಿಟ್ಟಾಗಿತ್ತು. ನಾವು ಮುಖ ಹಿಂಡಿಕೊಂಡು ತಿಂದೆವು. ಮಕ್ಕಳು ಮಾತ್ರ ಓಟದ ಚಮಚದಲ್ಲೇ ಗಬಗಬ ತಿಂದು, ಸೂಪರ್ ಆಗಿದೆ, ಇನ್ನೂ ಹಾಕಿ ಅಂದವು. ಸೂಪರ್ ಅಂತೆ! ಮುಂದಿನ ಸಂಕ್ರಾಂತಿಗೆ ಇವನ್ನೆಲ್ಲ ನಾನೇ ಸಾಲಾಗಿ ಕೂರಿಸಿ, ಗರಿಗರಿ ಅಂದರೆ ಏನು ಅಂತ ಕಲಿಸಬೇಕು. ಸೀಟಿ ಅಳಿಯಂದಿರ ಹತ್ತಿರ ಇದ್ದೇ ಇದೆ.