ಒಂದು ಕಿವಿ ಸಣ್ಣದು

ಗಂಟು ಅಂದರೆ ನಮ್ಮಲ್ಲಿ ಒಳ್ಳೆಯ ಮಾತು ಕಡಿಮೆ. ಮುಖ ಗಂಟಿಕ್ಕಿಕೊಳ್ಳುತ್ತದೆ, ಬೇಡದವರು ಗಂಟು ಬೀಳುತ್ತಾರೆ, ಪಾಲುಪಟ್ಟಿ ಕಗ್ಗಂಟಾಗುತ್ತದೆ. ಬಿಟ್ಟರೆ ಮದುವೆಯ ಮೂರು ಗಂಟು. ಅದನ್ನು ಯಾವ ಲೆಕ್ಕಕ್ಕೆ ಸೇರಿಸಬೇಕೆಂದು ನಮ್ಮ ಭಾವನವರನ್ನೇ ಕೇಳಬೇಕು. ಚೀನೀಯರು ಮಾತ್ರ ಗಂಟನ್ನು ಕೆಂಪು ದಾರದಲ್ಲಿ ಕಟ್ಟಿ, ಕುಚ್ಚು ಇಳಿಬಿಟ್ಟು, ಹೊಸವರ್ಷಕ್ಕೆ ಬಾಗಿಲಲ್ಲಿ ತೂಗುಹಾಕುತ್ತಾರೆ. ಗಂಟಿಗೆ ಅವರು ಬರೆಯುವ ಅಕ್ಷರದಲ್ಲೇ ಎಡಕ್ಕೆ ರೇಷ್ಮೆ, ಬಲಕ್ಕೆ ಶುಭ ಕೂತಿವೆ.

ಅಂಥದ್ದೊಂದು ನಮ್ಮ ಕಾರಿನ ಕನ್ನಡಿಯಲ್ಲಿ ಬಹಳ ದಿನ ತೂಗಾಡುತ್ತಿತ್ತು. ಬಿಸಿಲಿಗೆ ಬಣ್ಣ ಹೋಗಿ, ಕುಚ್ಚು ಉದುರಿ, ಎಸೆಯುವ ಸ್ಥಿತಿಗೆ ಬಂದಾಗ ಬಿಚ್ಚಿ ನೋಡುವ ಚಪಲ ಹತ್ತಿತು. ನಾಲ್ಕೈದು ದಾರ ಸೇರಿಸಿ ಹೆಣೆದಿದ್ದಾರೆ ಅಂದುಕೊಂಡಿದ್ದೆ. ಬಿಚ್ಚುತ್ತಾ ಹೋದರೆ ಒಂದೇ ದಾರ! ನಡುವಿನಿಂದ ಹೊರಟು, ಎರಡೂ ತುದಿ ಊರೆಲ್ಲ ಸುತ್ತಿ, ಕೊನೆಗೆ ಕೆಳಗೆ ಜೊತೆಯಾಗಿ ಬಂದು ನಿಂತಿದ್ದವು. ಅಲ್ಲಿಗೆ ಕಾರಿನ ಅಲಂಕಾರ ಮುಗಿಯಿತು, ನನ್ನ ಹುಚ್ಚು ಶುರುವಾಯಿತು.

ತೈವಾನಿನ ಲಿಡಿಯಾ ಚೆನ್ ಕೂಡ ಹಳೆಯ ಗಂಟುಗಳ ಬೆನ್ನುಹತ್ತಿದವರೇ. ಮರೆಯಾಗುತ್ತಿದ್ದವನ್ನು ಕಲೆಹಾಕಿ, ಕಟ್ಟುವ ಕ್ರಮವನ್ನು ಚಿತ್ರ ಸಮೇತ 1981ರಲ್ಲಿ ಪುಸ್ತಕ ಮಾಡಿದರು. ನಾನು ಮೊದಲು ಕಲಿತದ್ದು ಗುಂಡಿ ಗಂಟು: ಚೀನೀ ನಿಲುವಂಗಿಯ ಕೊರಳಲ್ಲಿ ಗುಂಡಿಯ ಬದಲು ಕೂರುವ ಬಟಾಣಿಯಂಥ ಉಂಡೆ. ಅದು ಮೂರು ದಿನಕ್ಕೆ ಒಲಿಯಿತು. ಆಮೇಲೆ ನೇರವಾಗಿ ಪಾನ್‌ಚಾಂಗ್‌ಗೆ ಕೈಹಾಕಿದೆ. ಕೊನೆಮೊದಲಿಲ್ಲದ ಗಂಟು ಅದು, ಬೌದ್ಧರ ಎಂಟು ಮಂಗಳಚಿಹ್ನೆಗಳಲ್ಲಿ ಒಂದು. ಬೈಲಕುಪ್ಪೆಗೆ ಹೋದವರು ಟಿಬೆಟಿನವರ ಬಾಗಿಲಪರದೆಯಲ್ಲಿ ನೋಡಿಯೇ ಇರುತ್ತೀರಿ.

ಥರ್ಮೋಕೋಲ್ ಹಲಗೆ, ಗುಂಡುಸೂಜಿ, ಎರಡು ಮೀಟರ್ ಕೆಂಪು ದಾರ. ದಾರವನ್ನು ಉದ್ದಕ್ಕೆ ಎರಡು ಜೋಡಿ ಸಾಲು ಹಾಸಿ, ಅಡ್ಡಲಾಗಿ ಮೇಲೆ, ಕೆಳಗೆ, ಮೇಲೆ, ಕೆಳಗೆ ನುಗ್ಗಿಸಬೇಕು. ಇದು ಅರ್ಧ ಗಂಟೆಯ ಕೆಲಸ. ಸೂಜಿ ಕಿತ್ತ ಮೇಲೆ ಕೈಗೆ ಬರುವುದು ಮಾತ್ರ ಸೋತು ಬಿದ್ದ ಜೇಡರಬಲೆ. ನಿಜವಾದ ಕೆಲಸ ಇರುವುದು ಬಿಗಿಯುವುದರಲ್ಲಿ. ಸುತ್ತಲಿನ ಕುಣಿಕೆಗಳನ್ನು, ನಾನು ಅವನ್ನು ಕಿವಿ ಅನ್ನುತ್ತೇನೆ, ಸಮನಾಗಿ ಹೊರಕ್ಕೆ ಎಳೆದು ನಡುವನ್ನು ಗಟ್ಟಿ ಮಾಡಬೇಕು. ಆಮೇಲೆ ಮೇಲಿನ ಕಿವಿಯಿಂದ ಹಿಡಿದು ಸಡಿಲವನ್ನು ಮುಂದಿನ ಸುತ್ತಿಗೆ, ಅಲ್ಲಿಂದ ಅದರ ಮುಂದಿನದಕ್ಕೆ ದಾಟಿಸುತ್ತಾ ತುದಿಯವರೆಗೆ ತರಬೇಕು. ಒಂದೇ ದಾರವಾದ್ದರಿಂದ ಎಲ್ಲೋ ಅರ್ಧ ಇಂಚು ಹೆಚ್ಚು ಎಳೆದರೆ ಇನ್ನೆಲ್ಲೋ ಒಂದು ಕಿವಿ ಸದ್ದಿಲ್ಲದೆ ಒಳಗೆ ಹೋಗಿಬಿಡುತ್ತದೆ.

ಪಕ್ಕದಲ್ಲಿ ಅಮ್ಮ ಮಲ್ಲಿಗೆ ಕಟ್ಟುತ್ತಿದ್ದಳು. "ಅಷ್ಟು ಹೊತ್ತಲ್ಲಿ ನಾಲ್ಕು ಮೊಳ ಕಟ್ಟಿರ್ತಿದ್ದೆ ಕಣೋ" ಅಂದಳು. ಅವಳ ಬೆರಳು ನೋಡಿದೆ. ಎರಡು ಹೂ ಈಚೆ, ಎರಡು ಆಚೆ, ದಾರ ಸುತ್ತಿ, ಒಂದು ಜಗ್ಗು. ಅಲ್ಲಿಗೆ ಆ ಲೆಕ್ಕ ಚುಕ್ತಾ. ಮುಂದಿನ ಹೂವಿಗೆ ಹಿಂದಿನ ಹೂವಿನ ಸಾಲವಿಲ್ಲ. ನನ್ನದರಲ್ಲಿ ಕೊನೆಯವರೆಗೆ ಯಾವುದೂ ಬಿಗಿಯಾಗುವುದಿಲ್ಲ. ಎರಡನೇ ಸಾಲಿನಲ್ಲಿ ಮಾಡಿದ ತಪ್ಪು ಎಲ್ಲ ಮುಗಿದ ಮೇಲೆ ಬಂದು ಬಾಗಿಲು ತಟ್ಟುತ್ತದೆ. ಹಾಗೆ ಐದು ಸಲ ಬಿಚ್ಚಿದೆ. ಬಿಚ್ಚುವಾಗ ಅಮ್ಮ ಸಹಾಯಕ್ಕೆ ಬಂದಳು, ಪಿನ್ನು ಹಿಡಿದು. ಕಟ್ಟುವಾಗ ಬರಲಿಲ್ಲ.

ಆರನೆಯದು ನಿಂತಿತು. ನೈಲಾನ್ ತುದಿಗಳನ್ನು ಲೈಟರಿಗೆ ತಾಗಿಸಿ ಕರಗಿಸಿದ ಮೇಲೆ ಕಂಡಿತು, ಬಲಗಡೆಯ ಒಂದು ಕಿವಿ ಸಣ್ಣದು. ಇನ್ನು ಬಿಚ್ಚುವ ಶಕ್ತಿ ನನಗಿರಲಿಲ್ಲ. ಹಿಂಬದಿ ಮುಂದೆ ಮಾಡಿ ತೂಗುಹಾಕಿದರಾಯಿತು ಎಂದು ಕಾರಿನಲ್ಲಿ ತಿರುಗಿಸಿ ಕಟ್ಟಿದೆ. ಈ ಗಂಟಿನ ಹೆಚ್ಚುಗಾರಿಕೆಯೇ ಹಿಂದೂ ಮುಂದೂ ಒಂದೇ ಥರ ಇರುವುದು. ಬಲಗಡೆ ಇದ್ದ ಸಣ್ಣ ಕಿವಿ ಎಡಗಡೆಗೆ ಬಂತು, ಅಷ್ಟೇ.