ಸತ್ಯಾಂಶ: ‘ಇಂಗ್’ ರೂಪಕ್ಕೆ ಮೊದಲು ‘ಹಿಸ್’ ಮಾತ್ರ ಸರಿಯೇ?

ಇಂಗ್ಲಿಷಿನಲ್ಲಿ ‘ಇಂಗ್’ ಎಂದು ಮುಗಿಯುವ ಕ್ರಿಯಾರೂಪಕ್ಕೆ ಮೊದಲು ಯಾವಾಗಲೂ ‘ಮೈ’, ‘ಹಿಸ್’, ‘ಯುವರ್’ ಎಂಬ ಷಷ್ಠೀ ರೂಪಗಳೇ ಬರಬೇಕು, ‘ಮಿ’, ‘ಹಿಮ್’ ಬಂದರೆ ವಾಕ್ಯವೇ ತಪ್ಪು ಎಂಬ ಸಂದೇಶವೊಂದು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದೆ. ಇದು ಪೂರ್ತಿ ನಿಜವಲ್ಲ.

‘ಐ ಡೋಂಟ್ ಮೈಂಡ್ ಹಿಸ್ ಸಿಂಗಿಂಗ್’, ‘ಐ ಡೋಂಟ್ ಮೈಂಡ್ ಹಿಮ್ ಸಿಂಗಿಂಗ್’ ಎರಡೂ ವ್ಯಾಕರಣಬದ್ಧವೇ. ಮೊದಲನೆಯದು ಹೆಚ್ಚು ಔಪಚಾರಿಕ, ಎರಡನೆಯದು ದಿನಬಳಕೆಯ ಮಾತಿಗೆ ಹತ್ತಿರ. ಎರಡನೆಯ ಬಗೆಯನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟನ್ನಿನ ಭಾಷಾಬಳಕೆಯ ತಜ್ಞ ಎಚ್. ಡಬ್ಲ್ಯು. ಫೌಲರ್ ಕಟುವಾಗಿ ಖಂಡಿಸಿದ್ದರು. ಡೆನ್ಮಾರ್ಕಿನ ವ್ಯಾಕರಣಜ್ಞ ಆಟೊ ಯೆಸ್ಪರ್ಸನ್ ಹಿಂದಿನ ಒಳ್ಳೆಯ ಲೇಖಕರ ವಾಕ್ಯಗಳನ್ನೇ ಮುಂದಿಟ್ಟು ಆ ಎರಡನೆಯ ಬಗೆಯನ್ನು ಸಮರ್ಥಿಸಿದರು. ಬಳಕೆಯ ಸಾಕ್ಷ್ಯ ಯೆಸ್ಪರ್ಸನ್ ಅವರ ಕಡೆಗಿದೆ ಎಂಬುದು ನನ್ನ ಅಭಿಪ್ರಾಯ.

ಸಂದೇಶದ ನಿಯಮವನ್ನು ಕುರುಡಾಗಿ ಪಾಲಿಸಿದರೆ ತಪ್ಪೇ ಆಗುವ ಸಂದರ್ಭಗಳೂ ಇವೆ, ಮತ್ತು ಕಲಿಯುವವರಿಗೆ ನಿಜವಾದ ತೊಂದರೆ ಇಲ್ಲಿಯೇ. ‘ಐ ಸಾ ಹಿಮ್ ಕ್ರಾಸಿಂಗ್ ದ ರೋಡ್’ ಎಂಬಲ್ಲಿ ಕಂಡದ್ದು ಆ ವ್ಯಕ್ತಿಯನ್ನು, ಆತ ರಸ್ತೆ ದಾಟುತ್ತಿದ್ದಾಗ. ಆದ್ದರಿಂದ ‘ಹಿಮ್’ ಬದಲು ‘ಹಿಸ್’ ಹೊಂದುವುದಿಲ್ಲ. ‘ಸಾ’, ‘ಹರ್ಡ್’, ‘ಕಾಟ್’, ‘ಕೆಪ್ಟ್’ ಮುಂತಾದವುಗಳ ನಂತರವೂ ಹೀಗೆಯೇ. ‘ದ ಚಾನ್ಸಸ್ ಆಫ್ ದಿಸ್ ಹ್ಯಾಪನಿಂಗ್’ ಎಂಬಲ್ಲಂತೂ ‘ದಿಸ್’ ಪದಕ್ಕೆ ಷಷ್ಠೀ ರೂಪವೇ ಇಲ್ಲ.

ವಾಕ್ಯದ ಕರ್ತೃಸ್ಥಾನದಲ್ಲಿ ಮಾತ್ರ, ಅಂದರೆ ‘ಹಿಸ್ ಲೀವಿಂಗ್ ಅರ್ಲಿ ಸರ್‌ಪ್ರೈಸ್ಡ್ ಅಸ್’ ಎಂಬಂಥ ಬರವಣಿಗೆಯಲ್ಲಿ, ಷಷ್ಠಿಯನ್ನೇ ಆರಿಸಿಕೊಳ್ಳುವುದು ಉತ್ತಮ. ಅಲ್ಲಿ ‘ಹಿಮ್’ ಬಹುಪಾಲು ಓದುಗರಿಗೆ ಒರಟಾಗಿ ಕೇಳಿಸುತ್ತದೆ.