ಕಾಲ್ಗುಣ

ನಾನು ಈ ಮನೆಗೆ ಸೊಸೆಯಾಗಿ ಕಾಲಿಟ್ಟದ್ದು 2008ರ ಏಪ್ರಿಲ್ 18, ಶುಕ್ರವಾರ, ಗೋಧೂಳಿ ಸಮಯ. ಹೊಸಿಲ ಮೇಲಿಟ್ಟಿದ್ದ ಅಕ್ಕಿಯ ಸೇರನ್ನು ಬಲಗಾಲಿನಿಂದ ಮೆಲ್ಲಗೆ ಒದೆಯಬೇಕಿತ್ತು. ಎರಡು ರಾತ್ರಿ ನಿದ್ದೆಗೆಟ್ಟ ಗಾಬರಿಯಲ್ಲಿ ನಾನು ಸ್ವಲ್ಪ ಜೋರಾಗಿಯೇ ಒದ್ದೆ. ಸೇರು ಉರುಳುತ್ತಾ ಹೋಗಿ ನಡುಮನೆಯ ಟಿವಿ ಸ್ಟ್ಯಾಂಡಿಗೆ ಬಡಿದು ನಿಂತಿತು. "ಲಕ್ಷ್ಮಿ ರಭಸದಿಂದಲೇ ಬಂದಳು" ಎಂದು ಹಿರಿಯರೊಬ್ಬರು ಎಲ್ಲರನ್ನೂ ನಗಿಸಿದರು. ಅತ್ತೆಯವರೂ ನಕ್ಕರು. ಅದು ಎಂಟು ಗಂಟೆಗೆ ಮೊದಲು.

ಎಂಟು ಗಂಟೆಗೆ ಅದೇ ಟಿವಿಯಲ್ಲಿ ಐಪಿಎಲ್ ಎಂಬುದರ ಮೊಟ್ಟಮೊದಲ ಪಂದ್ಯ ಶುರುವಾಯಿತು. ಚಿನ್ನಸ್ವಾಮಿ ಕ್ರೀಡಾಂಗಣ, ನಮ್ಮ ರಾಹುಲ್ ದ್ರಾವಿಡ್ ನಾಯಕ, ಎದುರಿಗೆ ಕೋಲ್ಕತ್ತ. ಬ್ರೆಂಡನ್ ಮೆಕಲಮ್ ಒಬ್ಬರೇ 158 ಹೊಡೆದರು. ನಮ್ಮ ಹನ್ನೊಂದು ಜನ ಸೇರಿ 82. ಎರಡಂಕಿ ಮುಟ್ಟಿದ್ದು ಪ್ರವೀಣ್ ಕುಮಾರ್ ಮಾತ್ರ, ಅವರೋ ಬೌಲರ್. ನೂರ ನಲವತ್ತು ರನ್ನಿನ ಸೋಲು. ನೆಂಟರೆಲ್ಲ ಚಾಪೆ ಹಾಸಿಕೊಳ್ಳುತ್ತಿದ್ದಾಗ ಅತ್ತೆಯವರು ಟಿವಿ ಸ್ಟ್ಯಾಂಡಿನ ಕೆಳಗೆ ಚೆಲ್ಲಿದ್ದ ಅಕ್ಕಿ ಆರಿಸುತ್ತಾ, ಒಮ್ಮೆ ತಲೆಯೆತ್ತಿ ನನ್ನ ಪಾದಗಳನ್ನು ನೋಡಿದರು. ಮುಖವನ್ನಲ್ಲ, ಪಾದಗಳನ್ನು.

ಉಳಿದೆಲ್ಲ ವಿಷಯದಲ್ಲಿ ನನ್ನ ಕಾಲ್ಗುಣ ಒಳ್ಳೆಯದೆಂದೇ ಹೆಸರಾಯಿತು. ಎರಡು ಸಲ ಒಣಗಿದ್ದ ಕೊಳವೆಬಾವಿಯಲ್ಲಿ ನೀರು ಬಂತು. ಮಾವನವರ ಬಾಕಿ ಪಿಂಚಣಿ ಬಂತು. ಬಾರದೆ ಉಳಿದದ್ದು ಐಪಿಎಲ್ ಕಪ್ ಒಂದೇ. ಅದರ ಲೆಕ್ಕವನ್ನು ಮಾತ್ರ ಅತ್ತೆಯವರು ನನ್ನ ಖಾತೆಗೆ ಬರೆದಿಟ್ಟರು.

ಬರೆದಿಟ್ಟರು ಎಂದರೆ ನಿಜವಾಗಿಯೂ ಬರೆದಿಟ್ಟರು. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲು ಎಷ್ಟು, ಗ್ಯಾಸ್ ಯಾವಾಗ ಬಂತು ಎಂಬುದರ ಪಕ್ಕದಲ್ಲೇ ನಮ್ಮ ಬೆಂಗಳೂರು ತಂಡ ಆರ್‌ಸಿಬಿಯ ಪಂದ್ಯದ ಫಲಿತಾಂಶ, ಅದರ ಕೆಳಗೆ ಸೊಸೆ ಎಲ್ಲಿದ್ದಳು ಎಂಬ ಟಿಪ್ಪಣಿ. ಹಳೆಯ ಕ್ಯಾಲೆಂಡರುಗಳನ್ನು ಎಸೆಯದೆ ಸುರುಳಿ ಸುತ್ತಿ ಅಟ್ಟದ ಮೇಲಿಟ್ಟಿದ್ದರು. ನಾನು ಎದುರು ವಾದಿಸಿದರೆ ಸಾಕು, ಸುರುಳಿ ಕೆಳಗಿಳಿಯುತ್ತಿತ್ತು. 2013ರ ಏಪ್ರಿಲ್ 23: ಸೊಸೆ ಹಾಸನದಲ್ಲಿ, ತಂಗಿಯ ನಿಶ್ಚಿತಾರ್ಥ. ಕ್ರಿಸ್ ಗೇಲ್ ಒಬ್ಬರೇ 175, ತಂಡ 263. 2017ರ ಅದೇ ಏಪ್ರಿಲ್ 23: ಸೊಸೆ ಮನೆಯಲ್ಲಿ, ಸೋಫಾದ ಮೇಲೆ. ಕೋಲ್ಕತ್ತದಲ್ಲಿ ತಂಡ 49ಕ್ಕೆ ಸರ್ವಪತನ, ಹತ್ತು ಓವರೂ ತುಂಬಲಿಲ್ಲ. "ತಾರೀಕು ಒಂದೇ, ತಂಡ ಒಂದೇ. ಬದಲಾದದ್ದು ಏನು, ನೀನೇ ಹೇಳು" ಎಂದರು. ಯಾವ ವಕೀಲನೂ ಉತ್ತರಿಸಲಾರದ ಪ್ರಶ್ನೆ.

ಅತ್ತೆಯವರು ನಿನ್ನೆ ಮೊನ್ನೆ ಕ್ರಿಕೆಟ್ ಕಲಿತವರಲ್ಲ. ಹದಿನೈದು ವರ್ಷ ಬಿಡದೆ ರಣಜಿ ಟ್ರೋಫಿ ಗೆದ್ದಿದ್ದ ಬಾಂಬೆಯನ್ನು 1974ರಲ್ಲಿ ಪ್ರಸನ್ನ ಅವರ ಕರ್ನಾಟಕ ತಡೆದಾಗ, ರೇಡಿಯೊಗೆ ಕಿವಿಯಂಟಿಸಿ ಕೂತಿದ್ದ ಹುಡುಗಿ ಅವರು. ಆದರೆ ನನಗೆ ಅರ್ಥವಾಗದ್ದು ಒಂದಿತ್ತು. 1999ರ ನಂತರ ಕರ್ನಾಟಕಕ್ಕೂ ರಣಜಿ ಬರಗಾಲವೇ. ಅದು 2014ರಲ್ಲಿ ವಿನಯ್ ಕುಮಾರ್ ನಾಯಕತ್ವದಲ್ಲಿ ಮುಗಿಯಿತು. ಇದೂ ಹದಿನೈದು ವರ್ಷ. ನಮ್ಮ ಬೀದಿಯಲ್ಲಿ ಒಂದು ಸುರುಸುರುಬತ್ತಿಯೂ ಉರಿಯಲಿಲ್ಲ. ಅತ್ತೆಯವರು ಪೇಪರಿನ ತುಣುಕು ಕತ್ತರಿಸಿ ದಿನಸಿ ಪಟ್ಟಿಯ ಡಬ್ಬಿಯಲ್ಲಿಟ್ಟುಕೊಂಡರು, ಅಷ್ಟೇ. ಹಾಗಾದರೆ ಈ ಕಪ್ಪಿಗೇಕೆ ಇಷ್ಟು ಸಂಕಟ?

ಉತ್ತರ ಚೆನ್ನೈನಲ್ಲಿತ್ತು. ನನ್ನ ನಾದಿನಿಯನ್ನು ಕೊಟ್ಟಿರುವುದು ಅಲ್ಲಿಗೆ. ಕೊಟ್ಟ ಮನೆ ಸೇರಿದ ಮಗಳು ಗಂಡನ ಕಡೆಯ ಸಾಂಬಾರಿನ ಜೊತೆಗೆ ಹಳದಿ ಜೆರ್ಸಿಯನ್ನೂ ಒಪ್ಪಿಕೊಂಡಳು. ಚೆನ್ನೈ ತಂಡ ಕಪ್ ಗೆದ್ದ ವರ್ಷವೆಲ್ಲ ರಜಕ್ಕೆ ಬರುವಾಗ ತಪ್ಪದೆ ಒಂದು ಜೊತೆ ಕಪ್‌ಸಾಸರ್ ತರುತ್ತಿದ್ದಳು. "ಅಮ್ಮಾ, ನಿಮಗೂ ಒಂದು ಕಪ್." 2010, 2011, 2018, 2021, 2023. ಐದು ಜೊತೆ. ಶೋಕೇಸಿನಲ್ಲಿ ಜಾಗ ಸಾಲದೆ ನನ್ನ ಸಂಗೀತದ ಬಹುಮಾನಗಳನ್ನು ಎತ್ತಿಡಬೇಕಾಯಿತು. ರಣಜಿ ಸೋತಾಗ ಯಾರೂ ನಮ್ಮನ್ನು ಆಡಿಕೊಂಡಿರಲಿಲ್ಲ. ಆಡಿಕೊಳ್ಳುವವರು ಹೆತ್ತ ಮಕ್ಕಳಾದಾಗ ಬರಗಾಲಕ್ಕೆ ಬೇರೆಯೇ ಬಿಸಿ.

ಫೈನಲ್‌ಗಳ ಕಥೆ ಹೇಳದೆ ಹೋದರೆ ನನ್ನ ಅಪರಾಧದ ಪೂರ್ತಿ ವಿವರ ಸಿಕ್ಕುವುದಿಲ್ಲ. 2009, ಜೋಹಾನ್ಸ್‌ಬರ್ಗ್. ಅನಿಲ್ ಕುಂಬ್ಳೆ ಕೇವಲ 16 ರನ್ ಕೊಟ್ಟು ನಾಲ್ಕು ವಿಕೆಟ್ ಕಿತ್ತಿದ್ದರು. ಬೇಕಿದ್ದದ್ದು 144. ನಾನು ಎರಡು ಸಲ ನಡುಮನೆಗೆ ಕಾಫಿ ತಂದೆ, ಎರಡು ಸಲವೂ ವಿಕೆಟ್ ಬಿತ್ತು. ಆರು ರನ್ನಿನಿಂದ ಸೋಲು. 2011ರ ಫೈನಲ್ ಹೊತ್ತಿಗೆ ನಾನು ಬಾಣಂತನಕ್ಕೆ ತವರಿನಲ್ಲಿದ್ದೆ, ಈ ಸಲ ನನ್ನ ಮೇಲೆ ಏನೂ ಬರಲಾರದು ಎಂದು ನೆಮ್ಮದಿಯಾಗಿದ್ದೆ. ಗೇಲ್ ಮೊದಲ ಓವರಿನಲ್ಲೇ ಸೊನ್ನೆಗೆ ಔಟಾದರು. ಐದು ನಿಮಿಷದಲ್ಲಿ ಫೋನ್ ಬಂತು. "ಅಲ್ಲಿ ಟಿವಿ ಹಾಕಿದ್ದೀಯಾ?" ಹಾಕಿದ್ದೆ. ತೊಡೆಯ ಮೇಲೆ ಮೂರು ತಿಂಗಳ ಕೂಸು, ಎದುರಿಗೆ ಟಿವಿ. ಕಾಲ್ಗುಣಕ್ಕೆ ರೋಮಿಂಗ್ ಇದೆಯೆಂದು ಅಂದೇ ಗೊತ್ತಾದದ್ದು.

2016 ಮಾತ್ರ ನನ್ನ ತಪ್ಪಲ್ಲ. ಆ ವರ್ಷ ವಿರಾಟ್ ಕೊಹ್ಲಿ ಒಂದೇ ಋತುವಿನಲ್ಲಿ 973 ರನ್ ಹೊಡೆದಿದ್ದರು. ಫೈನಲ್ ನಮ್ಮದೇ ಚಿನ್ನಸ್ವಾಮಿಯಲ್ಲಿ. ನಾನಾಗಿಯೇ ಅಡುಗೆಮನೆಯ ಬಾಗಿಲು ಹಾಕಿಕೊಂಡು ಮರುದಿನದ ದೋಸೆಗೆ ರುಬ್ಬುತ್ತಾ ಕೂತೆ. ಗುರಿ 209. ಗೇಲ್, ಕೊಹ್ಲಿ ಸೇರಿ ವಿಕೆಟ್ ಬೀಳದೆ ನೂರು ದಾಟಿಸಿದರು. ನಮ್ಮ ಯಜಮಾನರಿಗೆ ಆಗಲೇ ನ್ಯಾಯಪ್ರಜ್ಞೆ ಜಾಗೃತವಾಗಬೇಕೇ? ಬಾಗಿಲು ತಟ್ಟಿ, "ಬಾರೇ, ಇನ್ನೇನು ಗೆದ್ದಾಯಿತು, ಎಷ್ಟೆಂದು ಒಳಗಿರುತ್ತೀಯ" ಎಂದು ಕೈಹಿಡಿದು ಕರೆತಂದರು. ನನ್ನ ಬೆರಳುಗಳಲ್ಲಿ ಇನ್ನೂ ಹಿಟ್ಟಿತ್ತು. ಗೇಲ್ 76ಕ್ಕೆ ಹೋದರು, ಕೊಹ್ಲಿ 54ಕ್ಕೆ ಹೋದರು, ಡಿವಿಲಿಯರ್ಸ್ ಬಂದರು ಹೋದರು. ಎಂಟು ರನ್ನಿನಿಂದ ಸೋಲು. ಆ ರಾತ್ರಿ ಅತ್ತೆಯವರು ನನಗೆ ಏನೂ ಅನ್ನಲಿಲ್ಲ, ಮಗನ ಜೊತೆ ಮಾತು ಬಿಟ್ಟರು.

ಅದೇ ವರ್ಷ ನವೆಂಬರಿನಲ್ಲಿ ಅಮೆರಿಕದ ಶಿಕಾಗೊ ಕಬ್ಸ್ ಎಂಬ ಬೇಸ್‌ಬಾಲ್ ತಂಡ 108 ವರ್ಷಗಳ ನಂತರ ಚಾಂಪಿಯನ್ ಆಯಿತು. ಬೆಳಗಿನ ಕಾಫಿಗೆ ನಮ್ಮವರು ಆ ಸುದ್ದಿಯನ್ನು ಗಟ್ಟಿಯಾಗಿ ಓದಿದರು. 1945ರಲ್ಲಿ ಒಬ್ಬ ಹೋಟೆಲಿನವನು ತನ್ನ ಮೇಕೆಯನ್ನು ಪಂದ್ಯಕ್ಕೆ ಕರೆತಂದಿದ್ದನಂತೆ, ನಾತವೆಂದು ಅದನ್ನು ಹೊರಗೆ ಹಾಕಿದರಂತೆ, ಅವನ ಶಾಪದಿಂದ ತಂಡ ಗೆಲ್ಲಲೇ ಇಲ್ಲವೆಂದು ಆ ಊರಿನವರ ನಂಬಿಕೆಯಂತೆ. "ನೋಡು, ಅಷ್ಟು ಮುಂದುವರಿದ ದೇಶದಲ್ಲೂ ಇದೆ. ಅವರಿಗೆ ಮೇಕೆ, ನಮಗೆ..." ಎಂದು ವಾಕ್ಯವನ್ನು ಅಲ್ಲಿಗೇ ನಿಲ್ಲಿಸಿದರು. ನಿಲ್ಲಿಸಿದ್ದರಿಂದ ಏನೂ ಪ್ರಯೋಜನವಾಗಲಿಲ್ಲ. ಮೂರು ದಿನ ಉಪ್ಪಿಲ್ಲದ ಉಪ್ಪಿಟ್ಟು ತಿಂದರು.

ಮಾವನವರು ನಿವೃತ್ತ ಕನ್ನಡ ಮೇಷ್ಟ್ರು. ಅವರಿಗೆ ಕ್ರಿಕೆಟ್ ಬೇಡ, "ಈ ಸಲ ಕಪ್ ನಮ್ದೇ" ಎಂಬ ಘೋಷಣೆಯೊಂದು ಮಾತ್ರ ಬೇಕು, ಅದೂ ತಿದ್ದುವುದಕ್ಕೆ. "ನಮ್ದೇ ಅಲ್ಲ, ನಮ್ಮದೇ. ಅಕ್ಷರ ನುಂಗುವವರಿಗೆ ಕಪ್ ಹೇಗೆ ದಕ್ಕುತ್ತದೆ?" 2024ರ ಮಾರ್ಚಿನಲ್ಲಿ ಸ್ಮೃತಿ ಮಂಧಾನಾ ನಾಯಕತ್ವದ ಆರ್‌ಸಿಬಿ ಮಹಿಳಾ ತಂಡ ದೆಹಲಿಯಲ್ಲಿ ಫೈನಲ್ ಗೆದ್ದಾಗ, ಶ್ರೇಯಾಂಕಾ ಪಾಟೀಲ್ ನಾಲ್ಕು ವಿಕೆಟ್ ಕಿತ್ತದ್ದನ್ನು ನಾನು ನಡುಮನೆಯಲ್ಲೇ, ರಾಜಾರೋಷವಾಗಿ, ಒಂದೂ ಎಸೆತ ಬಿಡದೆ ನೋಡಿದ್ದೆ. ಮುಗಿದ ಮೇಲೆ ಸ್ಮೃತಿ "ಈ ಸಲ ಕಪ್ ನಮ್ದು" ಎಂದರು. ಪೇಪರಿನ ಹಿಂದಿದ್ದ ಮಾವನವರು ಮೊದಲ ಸಲ ತಲೆಯೆತ್ತಿದರು. "ಕೇಳಿದಿರಾ? ಏಕಾರ ಬಿಟ್ಟಳು. ಅವಧಾರಣೆಯ ಏಕಾರ. ಇದು ನನ್ನದೇ ಮನೆ ಎಂದು ಯಾವಾಗ ಹೇಳುತ್ತೇವೆ? ಯಾರೋ ತಕರಾರು ತೆಗೆದಾಗ. ಕೈಯಲ್ಲಿ ಪತ್ರ ಇದ್ದವನು ಏಕಾರ ಹಚ್ಚುವುದಿಲ್ಲ." ಕನ್ನಡ ಮಾತೃಭಾಷೆಯಲ್ಲದ ಹುಡುಗಿಯೊಬ್ಬಳು ಮಾವನವರಿಂದ ನೂರಕ್ಕೆ ನೂರು ಅಂಕ ಪಡೆದದ್ದು ಆಗ. ಇಷ್ಟು ವರ್ಷ ನಾವು ಎಳೆದೆಳೆದು ಕೂಗಿದ್ದು ಕಪ್ಪನ್ನಲ್ಲ, ಆ ಏಕಾರವನ್ನು ಎಂದು ನನಗೂ ಹೊಳೆದದ್ದು ಆಗಲೇ.

ನಾನು ದೋಷಮುಕ್ತಳಾದೆ ಎಂದುಕೊಂಡೆ. ಅತ್ತೆಯವರು ಒಪ್ಪಲಿಲ್ಲ. "ಅದು ಹೆಣ್ಣುಮಕ್ಕಳ ಕಪ್. ಹೆಣ್ಣಿನ ಕಾಲ್ಗುಣ ಹೆಣ್ಣಿಗೆ ತಾಗುವುದಿಲ್ಲ."

ಹೀಗಾಗಿ 2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಫೈನಲ್ ನಡೆಯುವಾಗ ನಾನು ಮೈಸೂರಿನ ನಮ್ಮ ಮನೆಯ ತಾರಸಿಯ ಮೇಲಿದ್ದೆ. ಒಂದು ಚಾಪೆ, ಒಂದು ಚೊಂಬು ನೀರು. ಮೊಬೈಲನ್ನು ಹದಿನಾಲ್ಕು ವರ್ಷದ ಮಗ ಜಪ್ತಿ ಮಾಡಿದ್ದ. ನಲ್ಲಿ ನೀರು ಆ ದಿನ ಸಂಜೆ ಬಂದು ಸಂಪು ತುಂಬಿತ್ತು, ಹೇಗೂ ಮೇಲೆ ಹೋಗುತ್ತಿದ್ದೇನಲ್ಲ ಎಂದು ಊಟ ಬಡಿಸಿ ಮುಗಿಸಿದವಳೇ ಮೋಟಾರು ಹಾಕಿ ಹತ್ತಿದ್ದೆ. ಸ್ವಿಚ್ಚು ಇರುವುದು ನಡುಮನೆಯಲ್ಲಿ, ಟಿವಿಯ ಹಿಂದಿನ ಗೋಡೆಯಲ್ಲಿ. ಇದನ್ನು ನೆನಪಿಟ್ಟುಕೊಳ್ಳಿ, ನಾನು ಇಟ್ಟುಕೊಂಡಿರಲಿಲ್ಲ.

ತಾರಸಿಯಲ್ಲಿ ಕ್ರಿಕೆಟ್ ನೋಡಲಾಗದಿದ್ದರೂ ಕೇಳಬಹುದು. ಪಕ್ಕದ ಮನೆಯದು ಡಿಶ್, ನಮ್ಮದು ಇಂಟರ್‌ನೆಟ್. ಅವರ ಕೂಗು ಮೊದಲು ಬರುತ್ತದೆ, ಅರ್ಧ ನಿಮಿಷ ಬಿಟ್ಟು ಅದೇ ಕೂಗು ಕೆಳಗಿನ ನಮ್ಮ ನಡುಮನೆಯಿಂದ. ಅಂದರೆ ಮನೆಯಿಂದ ಗಡೀಪಾರಾದವಳಿಗೆ ಮನೆಯವರಿಗಿಂತ ಮೊದಲೇ ಭವಿಷ್ಯ ಗೊತ್ತು. ವಿಕೆಟ್ ಬಿದ್ದಾಗ ಅತ್ತೆಯವರು ಇನ್ನೂ ಗಣೇಶನಿಗೆ ಮೊರೆಯಿಡುತ್ತಿರುವುದು ಕೇಳಿಸುತ್ತಿತ್ತು. ಅವನು ಅರ್ಧ ನಿಮಿಷದ ಹಿಂದೆಯೇ ಕೊಟ್ಟಾಗಿತ್ತು.

ಕೊನೆಯ ಓವರಿನ ಹೊತ್ತಿಗೆ ಟ್ಯಾಂಕು ತುಂಬಿತು. ತುಂಬಿ, ಹೊರಚೆಲ್ಲುವ ಪೈಪಿನಿಂದ ನೀರು ಪಕ್ಕದ ಮನೆಯ ಅಂಗಳಕ್ಕೆ ಧುಮುಕತೊಡಗಿತು. ಇದೇ ಪೈಪಿನ ವಿಷಯಕ್ಕೆ ಆ ಮನೆಯವರಿಗೂ ನಮಗೂ ಎರಡು ವರ್ಷದಿಂದ ಮುಖ ನೋಡಿ ಮಾತಿಲ್ಲ. ನಾನು ಮೆಟ್ಟಿಲ ತುದಿಗೆ ಓಡಿ, "ಮೋಟಾರು ಆರಿಸಿ" ಎಂದು ಕೂಗಿದೆ. ಕೆಳಗಿನಿಂದ ಮಗ ಅದಕ್ಕಿಂತ ಜೋರಾಗಿ ಕೂಗಿದ: "ಅಮ್ಮಾ, ಇಳಿಯಬೇಡ! ಕಾಲಿಡಬೇಡ!" ಒಂದು ಕಾಲು ಮೆಟ್ಟಿಲ ಮೇಲಿತ್ತು. ಅದನ್ನು ಹಿಂದಕ್ಕೆ ತೆಗೆದುಕೊಂಡೆ. ಹದಿನೇಳು ವರ್ಷ ನಂಬದಿದ್ದವಳು ಆ ಕ್ಷಣ ನಂಬಿಬಿಟ್ಟೆ.

ಪಂಜಾಬಿಗೆ ಆರು ಎಸೆತಕ್ಕೆ 29 ಬೇಕಿತ್ತು ಎಂದು ಆಮೇಲೆ ಹೇಳಿದರು. ನಮ್ಮ ಬೌಲರ್ ಹೇಜಲ್‌ವುಡ್ ಮೊದಲೆರಡು ಎಸೆತದಲ್ಲಿ ಏನೂ ಕೊಡಲಿಲ್ಲ. ಇನ್ನು ನಾಲ್ಕು ಎಸೆತ, ನಾಲ್ಕಾರಲ ಇಪ್ಪತ್ತನಾಲ್ಕು, ಗೆದ್ದಾಯಿತು ಎಂದು ಮಗ ಕುಣಿದ. ಮೈದಾನದಲ್ಲಿ ಕೊಹ್ಲಿ ಆಗಲೇ ಕಣ್ಣೀರಾಗಿದ್ದರು. ಅತ್ತೆಯವರು ಮಾತ್ರ ಗಣಿತಕ್ಕೆ ಮಣಿಯಲಿಲ್ಲ. "ನೋಬಾಲ್ ಹಾಕಿದರೆ? ನಮ್ಮವರು ಹಾಕುತ್ತಾರೆ, ನನಗೆ ಗೊತ್ತು." ಪಂಜಾಬಿನ ಶಶಾಂಕ್ ಸಿಂಗ್ ಆರು, ನಾಲ್ಕು, ಆರು, ಆರು ಎಂದು ಬಾರಿಸುತ್ತಿದ್ದಷ್ಟು ಹೊತ್ತೂ ಅವರು ಕುರ್ಚಿಯ ತುದಿಯಿಂದ ಏಳಲಿಲ್ಲ. ಆರು ರನ್ನಿನಿಂದ ಗೆಲುವು. 2009ರಲ್ಲಿ ಕಳೆದುಕೊಂಡದ್ದು ಎಷ್ಟೋ ಅಷ್ಟೇ, ಬಡ್ಡಿ ಇಲ್ಲ.

ನಾನು ಕಂಡದ್ದು ಬೇರೆಯೇ ಫೈನಲ್. ಪಕ್ಕದ ಮನೆಯ ಯಜಮಾನರು ಪಟಾಕಿ ಸರ ಹಿಡಿದು ಅಂಗಳಕ್ಕೆ ಓಡಿಬಂದರು, ನೇರ ನಮ್ಮ ಜಲಪಾತದ ಕೆಳಗೆ. ಸರ ತೊಯ್ದು ಕೈಯಲ್ಲೇ ಜೋತುಬಿತ್ತು. ಬೈಗುಳಕ್ಕೆ ಸಿದ್ಧಳಾಗಿ ನಿಂತೆ. ಅವರು ತಲೆಯೆತ್ತಿ ನನ್ನನ್ನು ನೋಡಿ, ಎರಡು ವರ್ಷದ ಮೌನ ಮುರಿದು, "ಅಕ್ಕಾ, ಬಂತು!" ಎಂದು ಆ ನೀರಿನ ಕೆಳಗೇ ಕುಣಿಯತೊಡಗಿದರು. ನನಗೆ ಕಪ್ ಬಂದ ಸುದ್ದಿ ಕೊಟ್ಟವರು ಅವರೇ. ಅರ್ಧ ನಿಮಿಷದ ನಂತರ ನಮ್ಮ ಮನೆಗೂ ಬಂತು.

ಕೆಳಗಿಳಿದಾಗ ಚೆನ್ನೈಗೆ ವಿಡಿಯೊ ಕರೆ ಹೋಗುತ್ತಿತ್ತು. ಹದಿನೇಳು ವರ್ಷ ಕೂಡಿಟ್ಟ ಮಾತುಗಳು ಅತ್ತೆಯವರ ಬಳಿ ಇದ್ದವು, ಕೆಲವನ್ನು ನನ್ನೆದುರೇ ತಾಲೀಮು ಮಾಡಿದ್ದರು. ಮಗಳ ಮುಖ ಪರದೆಯಲ್ಲಿ ಬಂತು. ಅತ್ತೆಯವರ ಬಾಯಿ ತೆರೆಯಿತು, ಮುಚ್ಚಿತು. ಕೊನೆಗೆ "ಊಟ ಆಯಿತಾ?" ಎಂದರು. ಆ ಕಡೆಯಿಂದ ನಾದಿನಿ ಅಳುತ್ತಿದ್ದಳು, ಮೈಮೇಲೆ ಹಳದಿ ಜೆರ್ಸಿ ಇರಲಿಲ್ಲ.

ಮರುದಿನ ಅತ್ತೆಯವರೇ ಕರೆದು ತಮ್ಮ ಪಕ್ಕ ಕೂರಿಸಿಕೊಂಡರು. "ಬಂದಾಯಿತಲ್ಲ, ಇನ್ನೇನು. ಬಾ, ಮೆರವಣಿಗೆ ನೋಡೋಣ." ನಾನು ಆ ನಡುಮನೆಯಲ್ಲಿ ಹೆದರದೆ ಕೂತದ್ದು ಅಂದೇ ಮೊದಲು. ಅಂದು ಸಂಜೆ ಚಿನ್ನಸ್ವಾಮಿಯ ಗೇಟುಗಳ ಹೊರಗಿನ ನೂಕುನುಗ್ಗಲಿನಲ್ಲಿ ಹನ್ನೊಂದು ಜನ ಸತ್ತರು, ಬಹುಪಾಲು ಎಳೆಯ ವಯಸ್ಸಿನವರು. ರೈಲು ಹತ್ತಿ ಹೋಗುತ್ತೇನೆಂದು ಬೆಳಿಗ್ಗೆ ಹಟ ಹಿಡಿದು ಬೈಸಿಕೊಂಡಿದ್ದ ನನ್ನ ಮಗ ನೆಲ ನೋಡುತ್ತಾ ಕೂತಿದ್ದ. ಯಾರೂ ನನ್ನ ಪಾದಗಳನ್ನು ನೋಡಲಿಲ್ಲ. ಪಂದ್ಯ ಸೋತದ್ದಕ್ಕೆ ಸೊಸೆಯ ಕಾಲನ್ನು ದೂರಿ ನಗಬಹುದು. ಅಷ್ಟು ಜನ ಬರುತ್ತಾರೆಂದು ಊರಿಗೆಲ್ಲ ಗೊತ್ತಿದ್ದೂ ಸಿದ್ಧತೆ ಇಲ್ಲದೆ ಹೋದದ್ದಕ್ಕೆ ಯಾರ ಕಾಲ್ಗುಣವೂ ಕಾರಣವಲ್ಲ. ಅತ್ತೆಯವರು ಎದ್ದು ಟಿವಿ ಆರಿಸಿದರು. ತಿಂಗಳುಗಟ್ಟಲೆ ನಮ್ಮ ಮನೆಯಲ್ಲಿ ಆ ಪದವೂ ಕೇಳಲಿಲ್ಲ, ಕ್ರಿಕೆಟ್ಟೂ ಕೇಳಲಿಲ್ಲ.

ನವರಾತ್ರಿಗೆ ಗೊಂಬೆ ಇಳಿಸಲು ಅಟ್ಟ ಹತ್ತಿದ್ದಾಗ ಸುರುಳಿ ಕೈಗೆ ಸಿಕ್ಕಿತು. ಜೂನ್ 3ರ ಚೌಕದಲ್ಲಿ ಒಂದೂವರೆ ಲೀಟರ್ ಹಾಲು, ಅದರ ಕೆಳಗೆ ಅತ್ತೆಯವರ ಅಕ್ಷರದಲ್ಲಿ: "ಕಪ್ ನಮ್ಮದು. ಸೊಸೆ ತಾರಸಿಯಲ್ಲಿ." ಏಕಾರವಿರಲಿಲ್ಲ. ಮಾವನವರಿಗೆ ತೋರಿಸೋಣವೆಂದು ಅದನ್ನು ಹಿಡಿದು ಇಳಿದೆ. ನಡುಮನೆಯಲ್ಲಿ ಎಲೆಕ್ಟ್ರಿಷಿಯನ್ ಗೋಡೆ ಕೊರೆಯುತ್ತಿದ್ದ. ಅತ್ತೆಯವರು ಪಕ್ಕದಲ್ಲಿ ನಿಂತು ನಿರ್ದೇಶನ ಕೊಡುತ್ತಿದ್ದರು. ಮೋಟಾರಿನ ಸ್ವಿಚ್ಚನ್ನು ಟಿವಿಯ ಹಿಂದಿನಿಂದ ತೆಗೆದು ತಾರಸಿಯ ಬಾಗಿಲ ಬಳಿ ಹಾಕಬೇಕಂತೆ.

"ಮಳೆ ಬಿದ್ದರೆ ನೆನೆಯುತ್ತೀಯ," ಎಂದರು ನನ್ನ ಕಡೆ ತಿರುಗಿ, "ಅಲ್ಲೊಂದು ಶೀಟನ್ನೂ ಹಾಕಿಸುತ್ತೇನೆ."